ಈ ಬಫರ್ ಸದ್ಯಕ್ಕೆ ಯಾರದು?

(ಪುಣೆಯಲ್ಲಿ ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಕೆಲಸದಲ್ಲಿರುವ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಹಿಂಜವಡಿಯಿಂದ, ಮಗರ್‌ಪಟ್ಟಾದಿಂದ ಇಷ್ಟು ದೂರ ಬಂದಿದ್ದೀರಿ, ಅದೂ ಡ್ರೈವರ್ ಕೋಡನ್ನು, ಅಂದರೆ ಕಂಪ್ಯೂಟರಿನ ಒಂದು ಡಿವೈಸಿಗೆ ಮಾತಾಡುವ ಕೋಡನ್ನು, ಓದುವುದು ಹೇಗೆ ಅನ್ನುವ ಮಾತು ಕೇಳಲಿಕ್ಕೆ. ಮನೆಯಲ್ಲಿ ಏನು ಹೇಳಿ ಹೊರಟಿರೋ ಕಾಣೆ. ಬರೆಯುವುದು ಹೇಗೆ ಅಂತ ಹೇಳಲು ಪುಸ್ತಕಗಳಿವೆ, ಕೋರ್ಸುಗಳಿವೆ. ಇನ್ನೊಬ್ಬರು ಬರೆದದ್ದನ್ನು ಓದಿ "ಇದು ಒಳಗೆ ಹೋಗಬಹುದು" ಅಂತ ಹೇಳುವ ರಿವ್ಯೂ ಕೆಲಸವನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಸೀನಿಯರ್ ಆದ ದಿನ ಅದು ತಾನಾಗಿ ಬರುತ್ತದೆ ಅಂತ ಕಂಪನಿಗಳು ನಂಬಿಕೊಂಡಿವೆ.

ಮೊದಲು ನಮ್ಮ ಊರಿನ ಸಂಗತಿ. ಮೈಕ್ರೋಸಾಫ್ಟಿನ ಕ್ಲೌಡ್ ಸೇವೆ ಅಜೂರ್‌ನ ಮೆನುವಿನಲ್ಲಿ "ಸೆಂಟ್ರಲ್ ಇಂಡಿಯಾ" ಅಂತ ಕಾಣುವುದು ಈ ಪುಣೆಯೇ. 2015ರಿಂದ ಇಲ್ಲಿದೆ. ಘಾಟ್ ಇಳಿದರೆ ಮುಂಬಯಿಯಲ್ಲಿ ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ತಮ್ಮ ತಮ್ಮ ಕ್ಲೌಡಿನ ರೀಜನ್, ಅಂದರೆ ಡೇಟಾ ಸೆಂಟರುಗಳ ಗುಂಪು, ತೆರೆದವು. ಅಂದರೆ ಎಕ್ಸ್‌ಪ್ರೆಸ್ ಹೈವೇಯ ಎರಡು ತುದಿಗಳಲ್ಲಿ ಅಸಂಖ್ಯ ವರ್ಚುವಲ್ ಮಶೀನುಗಳು (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಕಂಪ್ಯೂಟರುಗಳು) ಓಡುತ್ತಿವೆ. ಒಂದೊಂದೂ ತನಗೊಂದು ನೆಟ್‌ವರ್ಕ್ ಕಾರ್ಡ್ ಇದೆ ಅಂತ ತಿಳಿದಿದೆ. ಪುಣೆಯ ಅಜೂರ್ ಮಶೀನಿನಲ್ಲಿ ಆ ಕಾರ್ಡಿಗೆ ಮಾತಾಡುವ ಡ್ರೈವರ್ ನೆಟ್‌ವಿಎಸ್‌ಸಿ. ಮುಂಬಯಿಯ ಅಮೆಜಾನಿನಲ್ಲಿ ಹಿಂದೆ ಝೆನ್‌ನ ನೆಟ್‌ಫ್ರಂಟ್ ಇತ್ತು, ಈಗ ಇಎನ್‌ಎ. ಗೂಗಲಿನಲ್ಲಿ ವರ್ಟ್‌ಐಓ ನೆಟ್, ಇಲ್ಲವೇ ಅವರದೇ ಜಿವಿನಿಕ್. ಡ್ರೈವರಿನ ಹೆಸರು ಬೇರೆ, ಡಿವೈಸಿನೊಡನೆ ಕೆಲಸ ಹಂಚಿಕೊಳ್ಳುವ ಸಾಲಿನ, ಅಂದರೆ ರಿಂಗಿನ, ವಿನ್ಯಾಸ ಬೇರೆ. ರಿವ್ಯೂ ಮಾಡುವಾಗ ಕೇಳಬೇಕಾದ ಪ್ರಶ್ನೆ ಮಾತ್ರ ಎಲ್ಲದಕ್ಕೂ ಒಂದೇ, ಅದನ್ನೇ ಇವತ್ತಿನ ಶೀರ್ಷಿಕೆ ಮಾಡಿದ್ದೇನೆ: ಕೋಡಿನ ಈ ಸಾಲಿಗೆ ಬಂದಾಗ ಈ ಬಫರ್, ಅಂದರೆ ಪ್ಯಾಕೆಟ್ಟಿನ ಡೇಟಾ ಇಡುವ ಈ ಮೆಮೊರಿ ತುಂಡು, ಯಾರದು? ಡ್ರೈವರಿನದೋ, ಆಚೆಯ ಡಿವೈಸಿನದೋ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲಿನ ನೆಟ್‌ವರ್ಕ್ ಸ್ಟ್ಯಾಕಿನದೋ?

ಉದಾಹರಣೆಗೆ ವರ್ಟ್‌ಐಓ ನೆಟ್ ಹಿಡಿದುಕೊಳ್ಳುತ್ತೇನೆ, ಏಕೆಂದರೆ ಅದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ವರ್ಚುವಲ್ ಮಶೀನು ಓಡಿಸುವ ಕ್ಯೂಎಮು ಹಾಕಿ ನೋಡಬಹುದು. ವರ್ಟ್‌ಐಓ ಬರುವ ಮೊದಲು ವರ್ಚುವಲ್ ಮಶೀನುಗಳಿಗೆ ನಿಜವಾದ ಕಾರ್ಡಿನ ವೇಷ ಹಾಕಿ ಕೊಡುತ್ತಿದ್ದರು. ಇಂಟೆಲ್‌ನ ಇ1000 ಕಾರ್ಡ್ ಇದೆ ಅಂತ ಗೆಸ್ಟ್, ಅಂದರೆ ವರ್ಚುವಲ್ ಮಶೀನು, ನಂಬುತ್ತಿತ್ತು. ಅದು ಒಂದೊಂದು ರಿಜಿಸ್ಟರ್ ಮುಟ್ಟಿದಾಗಲೂ ಸಿಪಿಯು ಗೆಸ್ಟಿನಿಂದ ಹೊರಬಂದು, ಗೆಸ್ಟುಗಳನ್ನು ಓಡಿಸುವ ಹೈಪರ್‌ವೈಸರಿಗೆ ಹೋಗಿ ಮರಳಬೇಕಿತ್ತು. ಇಲ್ಲದ ಚಿಪ್ಪಿನ ನಾಟಕಕ್ಕೆ ಇಷ್ಟು ಖರ್ಚು ಯಾಕೆ, ಇಬ್ಬರಿಗೂ ಗೊತ್ತಿರುವ ಒಂದು ಸರಳ ಒಪ್ಪಂದ ಮಾಡಿಕೊಂಡರಾಯಿತು ಅಂತ ಹೊರಟವರು ಲಿನಕ್ಸ್ ಎಂಜಿನಿಯರ್ ರಸ್ಟಿ ರಸೆಲ್, ಆ ಒಪ್ಪಂದವೇ ವರ್ಟ್‌ಐಓ. ವರ್ಟ್‌ಐಓ ನೆಟ್ ಲಿನಕ್ಸ್ 2.6.24ರಲ್ಲಿ, ಅಂದರೆ 2008ರ ಜನವರಿಯಲ್ಲಿ ಹೊರಬಂತು. ಆಮೇಲೆ ಓಯಾಸಿಸ್ ಅನ್ನುವ ಸ್ಟ್ಯಾಂಡರ್ಡ್ ಸಂಸ್ಥೆ ಒಪ್ಪಂದದ 1.0 ಆವೃತ್ತಿಯನ್ನು ಹೊರತಂದಿತು. 2019ರ 1.1ರಲ್ಲಿ ಪ್ಯಾಕ್ಡ್ ರಿಂಗ್ ಬಂತು. ನಾನು ಹಳೆಯ ಸ್ಪ್ಲಿಟ್ ರಿಂಗನ್ನೇ ಹೇಳುತ್ತೇನೆ, ಬಾಯಲ್ಲಿ ವಿವರಿಸಲು ಅದೇ ಸುಲಭ.

ಮುಂಬಯಿ ಮಾಟುಂಗಾದ ಉಡುಪಿ ಹೋಟೆಲಿನ ಅಡುಗೆಮನೆಯ ಕಿಂಡಿ ನೋಡಿದ್ದೀರಲ್ಲ. ಹೊರಗಿನ ಸಪ್ಲೈಯರ್ ಆರ್ಡರ್ ಚೀಟಿಗಳನ್ನು ಒಂದು ಕಡೆ ಸಾಲಾಗಿ ಇಡುತ್ತಾನೆ. ಒಳಗಿನ ಭಟ್ಟರು ಮುಗಿದ ಚೀಟಿಗಳನ್ನು ಇನ್ನೊಂದು ಕಡೆ ಸಾಲಾಗಿ ಇಡುತ್ತಾರೆ. ಭಟ್ಟರ ಸಾಲಿಗೆ ಸಪ್ಲೈಯರ್ ಕೈಹಾಕುವಂತಿಲ್ಲ, ಸಪ್ಲೈಯರಿನ ಸಾಲಿಗೆ ಭಟ್ಟರು ಕೈಹಾಕುವಂತಿಲ್ಲ. ಕಿಂಡಿಯ ಗಂಟೆಯನ್ನು ಪ್ರತಿ ಚೀಟಿಗೂ ಬಾರಿಸಿದರೆ ಭಟ್ಟರು ಸೌಟು ಎತ್ತಿ ಹೊಡೆದಾರು, ಅವರು ಸುಮ್ಮನೆ ಕೂತಾಗ ಮಾತ್ರ ಬಾರಿಸಬೇಕು. ವರ್ಟ್‌ಐಓ ರಿಂಗ್ ಅಂದರೆ ಇಷ್ಟೇ. ಡಿಸ್ಕ್ರಿಪ್ಟರ್ ಟೇಬಲ್ ಅಂತ ಒಂದಿದೆ. ಒಂದೊಂದು ಡಿಸ್ಕ್ರಿಪ್ಟರ್ 16 ಬೈಟ್: ವಿಳಾಸ, ಉದ್ದ, ಫ್ಲ್ಯಾಗು, ಮುಂದಿನದರ ನಂಬರು. ಡ್ರೈವರ್ ಬರೆಯುವ ಅವೇಲ್ ರಿಂಗ್ ಒಂದು, ಡಿವೈಸ್ ಬರೆಯುವ ಯೂಸ್ಡ್ ರಿಂಗ್ ಇನ್ನೊಂದು. ಅವೇಲ್ ರಿಂಗಿನ ಇಂಡೆಕ್ಸ್ ಒಂದು ಹೆಜ್ಜೆ ಮುಂದೆ ಹೋದ ಕ್ಷಣದಿಂದ ಆ ಬಫರ್ ಡಿವೈಸಿನ ಸ್ವತ್ತು. ಯೂಸ್ಡ್ ರಿಂಗಿನಲ್ಲಿ ಅದು ಕಾಣಿಸಿಕೊಂಡಾಗ ಮತ್ತೆ ನಮ್ಮದು. ನಡುವಿನ ಸಮಯದಲ್ಲಿ ಅದನ್ನು ಮುಟ್ಟಿದರೆ ಅದು ಬಗ್. ಇದಕ್ಕೆ ವಿನಾಯಿತಿ ಇಲ್ಲ.

ಈಗ ಪ್ಯಾಚ್, ಅಂದರೆ ಕೋಡಿನ ಬದಲಾವಣೆ, ಕೈಗೆ ಬಂತು ಅಂತಿಟ್ಟುಕೊಳ್ಳಿ. ಎಲ್ಲಿಂದ ಓದುತ್ತೀರಿ? ಹೆಚ್ಚಿನವರು ಡಿವೈಸ್ ಸಿಕ್ಕಾಗ ಓಡುವ ಪ್ರೋಬ್ ಫಂಕ್ಷನ್ನಿನಿಂದ ಶುರು ಮಾಡುತ್ತಾರೆ, ಏಕೆಂದರೆ ಬರೆದವರೂ ಅಲ್ಲಿಂದಲೇ ಶುರು ಮಾಡಿರುತ್ತಾರೆ. ನಾನು ಡಿವೈಸ್ ತೆಗೆಯುವಾಗ ಓಡುವ ರಿಮೂವ್ ಫಂಕ್ಷನ್ ಮೊದಲು ಓದುತ್ತೇನೆ. ಬರೆದವರಿಗೆ ಅಷ್ಟು ಹೊತ್ತಿಗೆ ದಣಿವಾಗಿರುತ್ತದೆ. ಪ್ರೋಬನ್ನು ದಿನಕ್ಕೆ ಹತ್ತು ಸಲ ಓಡಿಸಿ ನೋಡಿರುತ್ತಾರೆ, ರಿಮೂವನ್ನು ಮಾಡ್ಯೂಲ್ ಬದಲಿಸಬೇಕಾದಾಗ ಮಾತ್ರ, ಅದೂ ಟ್ರಾಫಿಕ್ ಇಲ್ಲದಾಗ. ಅಲ್ಲಿ ನೋಡಬೇಕಾದದ್ದು ಕ್ರಮ. ನೆಟ್‌ವರ್ಕ್ ಸ್ಟ್ಯಾಕಿನಿಂದ ಹೆಸರು ತೆಗೆಸಿ, ಹೊಸ ಪ್ಯಾಕೆಟ್ ಬರದಂತೆ ಮಾಡಿ, ಓಡುತ್ತಿರುವ ವರ್ಕ್, ಟೈಮರುಗಳನ್ನು ನಿಲ್ಲಿಸಿ, ಡಿವೈಸನ್ನು ರಿಸೆಟ್ ಮಾಡಿ, ಆಮೇಲೆ ಬಫರುಗಳನ್ನು ಬಿಡುಗಡೆ ಮಾಡಬೇಕು. ರಿಸೆಟ್ಟಿಗೆ ಮೊದಲೇ ರಿಸೀವ್ ಬಫರನ್ನು ಫ್ರೀ ಮಾಡಿದರೆ ಏನಾಗುತ್ತದೆ? ಆ ಮೆಮೊರಿ ಈಗ ಯಾವುದೋ ಫೈಲ್ ಸಿಸ್ಟಮ್ಮಿನ ಕೈಗೆ ಹೋಗಿರುತ್ತದೆ, ಆಚೆಯ ಡಿವೈಸ್ ಇನ್ನೂ ಅದು ತನ್ನದೇ ಅಂತ ಬಂದ ಪ್ಯಾಕೆಟ್ಟನ್ನು ಅಲ್ಲಿಗೆ ಬರೆಯುತ್ತದೆ. ಕ್ರ್ಯಾಶ್ ಆಗುವುದು ಫೈಲ್ ಸಿಸ್ಟಮ್ಮಿನಲ್ಲಿ, ಬೈಗುಳ ತಿನ್ನುವುದೂ ಫೈಲ್ ಸಿಸ್ಟಮ್ಮಿನವರೇ. ಇಂಥ ಬಗ್ಗನ್ನು ಕ್ರ್ಯಾಶ್ ಆದಾಗಿನ ಮೆಮೊರಿ ಡಂಪ್ ನೋಡಿ ಹಿಡಿಯುವುದು ಬಹಳ ಕಷ್ಟ. ಓದುವಾಗಲಾದರೆ ಎರಡು ಸಾಲುಗಳು ಹಿಂದುಮುಂದಾಗಿವೆ ಅಂತ ಕಣ್ಣಿಗೇ ಕಾಣುತ್ತದೆ.

ಆಮೇಲೆ ಎರರ್ ದಾರಿಗಳು. ಪ್ರೋಬ್‌ನಲ್ಲಿ ನಾಲ್ಕನೆಯ ಹೆಜ್ಜೆ ಸೋತರೆ ಮೂರನೆಯದು, ಎರಡನೆಯದು, ಒಂದನೆಯದು ಹಿಮ್ಮುಖವಾಗಿ ಬಿಚ್ಚಿಕೊಳ್ಳಬೇಕು. ಕರ್ನಲಿನಲ್ಲಿ ಇದಕ್ಕೆ ಕೋಡಿನ ಒಂದು ಲೇಬಲ್ಲಿಗೆ ನೇರ ಜಿಗಿಯುವ ಗೋಟು ಬಳಸುತ್ತಾರೆ. ಕಾಲೇಜಿನ ಮೇಷ್ಟ್ರು ಗೋಟು ಬಳಸಬೇಡಿ ಅಂದಿದ್ದರು, ಇಲ್ಲಿ ಅದನ್ನು ಮರೆಯಿರಿ. ಲೇಬಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ, ಪ್ರೋಬನ್ನು ಮೇಲಿನಿಂದ ಕೆಳಕ್ಕೆ ಓದಿ, ಎರಡೂ ಹೊಂದುತ್ತವೆಯೇ ನೋಡಿ. ಯಾರೋ ಮಧ್ಯದಲ್ಲಿ ಒಂದು ಹೊಸ ಹೆಜ್ಜೆ ಸೇರಿಸಿ ಲೇಬಲ್ ಸೇರಿಸಲು ಮರೆತಿರುತ್ತಾರೆ. ಡಿಫ್, ಅಂದರೆ ಬದಲಾದ ಸಾಲುಗಳನ್ನು, ಮಾತ್ರ ನೋಡುವವರಿಗೆ ಇದು ಕಾಣದು, ಏಕೆಂದರೆ ಮರೆತ ಸಾಲು ಡಿಫ್ಫಿನಲ್ಲಿ ಇರುವುದಿಲ್ಲ. ಪೂರ್ತಿ ಫೈಲ್ ತೆರೆದುಕೊಳ್ಳಿ.

ಪ್ರೋಬ್‌ನಲ್ಲಿ ನಾನು ಬೆರಳಿಟ್ಟು ನೋಡುವ ಒಂದೇ ಸಾಲು, ಸ್ಟ್ಯಾಕಿನಲ್ಲಿ ಹೆಸರು ನೋಂದಾಯಿಸುವ ರಿಜಿಸ್ಟರ್ ನೆಟ್‌ಡೆವ್. ಅದು ಮುಗಿದು ಮರಳುವ ಮೊದಲೇ ಯಾವುದೋ ಯೂಸರ್‌ಸ್ಪೇಸ್ (ಕರ್ನಲಿನ ಹೊರಗಿನ) ಪ್ರೋಗ್ರಾಮು ಹೊಸ ಇಂಟರ್‌ಫೇಸ್ ಬಂತು ಅಂತ ತಿಳಿದು ಅದನ್ನು ಎಬ್ಬಿಸಬಹುದು, ಪ್ಯಾಕೆಟ್ ಕಳಿಸಲೂ ಬಹುದು. ಹಾಗಾಗಿ ಲಾಕ್, ಕ್ಯೂ, ಎಣಿಕೆಯ ಖಾನೆ, ಎಲ್ಲವೂ ಅದಕ್ಕಿಂತ ಮೊದಲೇ ಸಿದ್ಧವಿರಬೇಕು. ಆ ಸಾಲಿನ ಕೆಳಗೆ ಯಾವುದಾದರೂ ಲಾಕ್ ಇನಿಶಿಯಲೈಸ್ ಆಗುತ್ತಿದ್ದರೆ ಉಳಿದದ್ದನ್ನು ಓದುವ ಮೊದಲೇ ಕಾಮೆಂಟ್ ಬರೆಯಬಹುದು.

ಈಗ ಬಿಸಿಬಿಸಿ ಜಾಗಕ್ಕೆ ಬರೋಣ: ಪ್ಯಾಕೆಟ್ ಕಳಿಸುವ ದಾರಿ. ಸ್ಟ್ಯಾಕ್ ಒಂದು ಎಸ್‌ಕೆಬಿಯನ್ನು (ಕರ್ನಲಿನಲ್ಲಿ ಒಂದು ಪ್ಯಾಕೆಟ್ಟನ್ನು ಹಿಡಿದಿಡುವ ರಚನೆ) ಡ್ರೈವರಿನ ಸ್ಟಾರ್ಟ್ ಎಕ್ಸ್‌ಮಿಟ್ ಫಂಕ್ಷನ್ನಿಗೆ ಕೊಡುತ್ತದೆ. ಡ್ರೈವರ್ ಓಕೆ ಅಂತ ಮರಳಿಸಿದರೆ ಎಸ್‌ಕೆಬಿ ಡ್ರೈವರಿನ ಪಾಲಾಯಿತು. ಕಳಿಸಿದರೋ ಬಿಸಾಡಿದರೋ ಸ್ಟ್ಯಾಕಿಗೆ ಬೇಡ. ಬಿಜಿ ಅಂತ ಮರಳಿಸಿದರೆ ಎಸ್‌ಕೆಬಿ ಇನ್ನೂ ಸ್ಟ್ಯಾಕಿನದೇ, ಅದು ಮತ್ತೆ ತಂದು ಕೊಡುತ್ತದೆ. ತಪ್ಪು ಎರಡು ಬಗೆಯಲ್ಲಿ ಆಗುತ್ತದೆ. ಡಿಎಂಎ ಮ್ಯಾಪಿಂಗ್ (ಡಿವೈಸ್ ನೇರವಾಗಿ ಓದುವಂತೆ ಮೆಮೊರಿ ತೋರಿಸುವುದು) ಸೋತಿತು ಅಂತ ಎಸ್‌ಕೆಬಿಯನ್ನು ಫ್ರೀ ಮಾಡಿ, ಎರರ್ ಅಲ್ಲವೇ ಅಂತ ಬಿಜಿ ಮರಳಿಸುವುದು. ಆಗ ಸ್ಟ್ಯಾಕ್ ಸತ್ತ ಪ್ಯಾಕೆಟ್ಟನ್ನೇ ಮತ್ತೆ ಹೊತ್ತು ತರುತ್ತದೆ. ಅಥವಾ ಫ್ರೀ ಮಾಡದೆ ಓಕೆ ಮರಳಿಸುವುದು. ಅದು ಮೆಮೊರಿ ಲೀಕ್, ಒಂದೊಂದೇ ಪ್ಯಾಕೆಟ್ಟಾಗಿ ಸೋರುತ್ತದೆ, ವಾರಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಬಗ್ ಇದೆ, ನನಗೆ ಅದನ್ನು ಕಂಡರೆ ಒಂದು ಥರದ ಪ್ರೀತಿ. ಪ್ಯಾಕೆಟ್ಟನ್ನು ರಿಂಗಿಗೆ ಹಾಕಿ, ಡಿವೈಸಿಗೆ ಕರೆ ಕೊಟ್ಟು, ಮುಂದಿನ ಸಾಲಿನಲ್ಲಿ "ಕಳಿಸಿದ ಬೈಟುಗಳ ಲೆಕ್ಕಕ್ಕೆ ಎಸ್‌ಕೆಬಿಯ ಉದ್ದ ಸೇರಿಸು" ಅಂತ ಬರೆದಿರುತ್ತಾರೆ. ಓದಲು ಎಷ್ಟು ಸಹಜ: ಕಳಿಸಿದೆ, ಆಮೇಲೆ ಲೆಕ್ಕ ಬರೆದೆ. ಆದರೆ ಕರೆ ಕೊಟ್ಟ ಮೇಲೆ ಆ ಎಸ್‌ಕೆಬಿ ನಮ್ಮ ಕೈಯಲ್ಲಿಲ್ಲ. ಕಂಪ್ಲೀಶನ್ ದಾರಿ, ಅಂದರೆ ಕಳಿಸಿ ಮುಗಿದದ್ದನ್ನು ತೆಗೆಯುವ ಕೋಡ್, ಅದೇ ಲಾಕಿನ ಕೆಳಗೆ ಇಲ್ಲದಿದ್ದರೆ, ಇನ್ನೊಂದು ಸಿಪಿಯುವಿನಲ್ಲಿ "ಪ್ಯಾಕೆಟ್ ಹೋಯಿತು" ಅಂತ ಸುದ್ದಿ ಬಂದು ಎಸ್‌ಕೆಬಿ ಫ್ರೀ ಆಗಿರಬಹುದು. ನಾವು ಬೇರೆಯವರ ಮೆಮೊರಿಯಿಂದ ಉದ್ದ ಓದುತ್ತಿರುತ್ತೇವೆ. ಕ್ರ್ಯಾಶ್ ಆಗುವುದೂ ಅಪರೂಪ, ಲೆಕ್ಕ ಮಾತ್ರ ಒಮ್ಮೊಮ್ಮೆ ವಿಚಿತ್ರ ಬರುತ್ತದೆ. ಉದ್ದವನ್ನು ಮೊದಲೇ ಒಂದು ಲೋಕಲ್ ವೇರಿಯಬಲ್ಲಿಗೆ ಎತ್ತಿಟ್ಟುಕೊಂಡರೆ ಮುಗಿಯಿತು. ಕಾಸನ್ ಎಂಬ ಮೆಮೊರಿ ಪರೀಕ್ಷಕ ಕರ್ನಲಿನಲ್ಲಿ 2015ರಿಂದ ಇದೆ, ಅದನ್ನು ಆನ್ ಮಾಡಿ ಭಾರಿ ಟ್ರಾಫಿಕ್ ಬಿಟ್ಟರೆ ಸಿಕ್ಕಿಬೀಳಬಹುದು. ಓದುವ ಕಣ್ಣಿಗೆ ಅಷ್ಟು ಹೊತ್ತು ಬೇಡ.

ರಿಂಗ್ ತುಂಬಿದಾಗ ಏನು ಮಾಡುತ್ತಾರೆ ನೋಡಿ. ಒಂದು ಪ್ಯಾಕೆಟ್ ಹಲವು ತುಣುಕುಗಳಲ್ಲಿ ಬರಬಹುದು. ಸಾಮಾನ್ಯ ಕಾನ್ಫಿಗರೇಶನ್ನಿನಲ್ಲಿ ಗರಿಷ್ಠ 17 ತುಣುಕು, ಜೊತೆಗೆ ಪ್ಯಾಕೆಟ್ಟಿನ ಮೊದಲ ಭಾಗ, ವರ್ಟ್‌ಐಓ ಹೆಡರ್. ಅದಕ್ಕೇ ವರ್ಟ್‌ಐಓ ನೆಟ್ ಖಾಲಿ ಜಾಗ 19ಕ್ಕಿಂತ ಕಡಿಮೆಯಾದರೆ ಮುಂಚಿತವಾಗಿ ಕ್ಯೂ ನಿಲ್ಲಿಸುತ್ತದೆ. ಬಿಜಿ ಮರಳಿಸುವ ಸ್ಥಿತಿ ಬರಲೇಬಾರದು ಅನ್ನುವುದು ಕ್ರಮ. ಆದರೆ ನಿಲ್ಲಿಸಿದ ಮೇಲೆ ಮತ್ತೊಮ್ಮೆ ಜಾಗ ನೋಡಲೇಬೇಕು. ನಾವು "ಜಾಗ ಇಲ್ಲ" ಅಂತ ನೋಡಿದ್ದಕ್ಕೂ "ನಿಲ್ಲಿಸು" ಅಂದದ್ದಕ್ಕೂ ನಡುವೆ ಆಚೆಯ ಡಿವೈಸ್ ಎಲ್ಲವನ್ನೂ ಮುಗಿಸಿಬಿಟ್ಟಿದ್ದರೆ, ನಮ್ಮನ್ನು ಎಬ್ಬಿಸಲು ಇನ್ನು ಯಾರೂ ಬರುವುದಿಲ್ಲ. ಕ್ಯೂ ನಿಂತೇ ಇರುತ್ತದೆ. ರಿಸೀವ್ ಕಡೆ ನಾಪಿಯಲ್ಲೂ (ಇಂಟರಪ್ಟ್ ಮುಚ್ಚಿ, ಬಂದದ್ದನ್ನು ತಾನೇ ಹೋಗಿ ನೋಡುವ, ಅಂದರೆ ಪೋಲ್ ಮಾಡುವ ವ್ಯವಸ್ಥೆ) ಇದೇ ಕಥೆ: ಪೋಲ್ ಮುಗಿಯಿತು ಅಂತ ಇಂಟರಪ್ಟನ್ನು ಮತ್ತೆ ತೆರೆದ ಮೇಲೆ, ಆ ಸಂದಿಯಲ್ಲಿ ಏನಾದರೂ ಬಂತೇ ಅಂತ ಇನ್ನೊಮ್ಮೆ ಇಣುಕಬೇಕು.

ಮೆಮೊರಿ ಬ್ಯಾರಿಯರ್ (ಓದು, ಬರೆಹಗಳ ಕ್ರಮ ಕಾಯುವ ಆದೇಶ) ಬಗ್ಗೆ ಇಲ್ಲಿಯ ಹುಡುಗರು ತುಂಬ ಕೇಳುತ್ತಾರೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಡಿಸ್ಕ್ರಿಪ್ಟರ್ ಬರೆದು, ಅವೇಲ್ ರಿಂಗಿನಲ್ಲಿ ಅದರ ನಂಬರು ಬರೆದು, ಕೊನೆಗೆ ಇಂಡೆಕ್ಸ್ ಏರಿಸಬೇಕು. ನೀವು ಕೋಡಿನಲ್ಲಿ ಈ ಕ್ರಮದಲ್ಲೇ ಬರೆದರೂ ಸಿಪಿಯು ಇದೇ ಕ್ರಮದಲ್ಲಿ ಹೊರಗೆ ತೋರಿಸುತ್ತದೆ ಅನ್ನುವ ಭರವಸೆ ಇಲ್ಲ. ಇಂಟೆಲ್, ಎಎಂಡಿ ಚಿಪ್ಪುಗಳ ಎಕ್ಸ್86ನಲ್ಲಿ ಬರೆಹಗಳು ಬರೆದ ಕ್ರಮದಲ್ಲೇ ಕಾಣಿಸುತ್ತವೆ, ಹಾಗಾಗಿ ಬ್ಯಾರಿಯರ್ ಮರೆತ ಡ್ರೈವರು ನಿಮ್ಮ ಮೇಜಿನ ಮೇಲೆ ಸುಖವಾಗಿ ಓಡುತ್ತದೆ. ಆ ಭರವಸೆ ಇಲ್ಲದ ಆರ್ಮ್ ಚಿಪ್ಪಿನ ಮಶೀನಿಗೆ ಒಯ್ದರೆ ಡಿವೈಸ್ ಹೊಸ ಇಂಡೆಕ್ಸ್ ನೋಡಿ ಹಳೆಯ ಡಿಸ್ಕ್ರಿಪ್ಟರ್ ಓದಬಹುದು. "ನಮ್ಮಲ್ಲಿ ಟೆಸ್ಟ್ ಪಾಸಾಗಿದೆ" ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಆದರೆ ಎಕ್ಸ್86 ಕೂಡ ಕೈಕೊಡುವ ಒಂದು ಜಾಗವಿದೆ. ಇಂಡೆಕ್ಸ್ ಬರೆದ ಮೇಲೆ ಡ್ರೈವರ್ ನೋಡುತ್ತದೆ: ಆಚೆಯವರಿಗೆ ಕರೆ ಕೊಡಬೇಕೇ, ಅವರು ಎದ್ದೇ ಇದ್ದಾರೆಯೇ? ಇದು ಬರೆದು ಓದುವ ಜೋಡಿ. ಓದು ಬರೆಹಕ್ಕಿಂತ ಮುಂದೆ ಜಾರುವುದಕ್ಕೆ ಎಕ್ಸ್86ನಲ್ಲೂ ಅವಕಾಶ ಇದೆ. ಹಾಗೆ ಜಾರಿದರೆ, ಡ್ರೈವರಿಗೆ "ಡಿವೈಸ್ ಎದ್ದಿದೆ, ಕರೆ ಬೇಡ" ಅಂತ ಕಾಣುತ್ತದೆ. ಡಿವೈಸಿಗೆ "ಹೊಸ ಕೆಲಸ ಇಲ್ಲ, ಮಲಗೋಣ" ಅಂತ ಕಾಣುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕೂರುತ್ತಾರೆ. ಮುಂದಿನ ಪ್ಯಾಕೆಟ್ ಬಂದಾಗ ಎಲ್ಲ ಸರಿಹೋಗುತ್ತದೆ, ಹಾಗಾಗಿ ಗ್ರಾಹಕರು ಕೊಡುವ ದೂರು "ಆಗಾಗ ಸ್ವಲ್ಪ ತಡ ಆಗುತ್ತದೆ" ಅಂತ ಇರುತ್ತದೆ. ಇಂಥ ದೂರನ್ನು ಬೆನ್ನಟ್ಟಿ ತಿಂಗಳು ಕಳೆದವರು ಈ ಸಭೆಯಲ್ಲೇ ಇದ್ದಾರೆ, ನಗುತ್ತಿದ್ದಾರೆ. ಅಲ್ಲಿ ಪೂರ್ಣ ಬ್ಯಾರಿಯರ್ ಬೇಕು. ಪ್ಯಾಚಿನಲ್ಲಿ ಯಾರಾದರೂ ವೇಗ ಹೆಚ್ಚಿಸಲು ಅದನ್ನು ತೆಗೆದಿದ್ದರೆ, ಯಾಕೆ ತೆಗೆದರೆ ನಡೆಯುತ್ತದೆ ಅಂತ ಕಾಮೆಂಟಿನಲ್ಲಿ ವಾದ ಮಂಡಿಸಿರಬೇಕು. ಬ್ಯಾರಿಯರ್ ಇದ್ದ ಕಡೆಯೆಲ್ಲ ಅದಕ್ಕೆ ಜೋಡಿಯಾದ ಇನ್ನೊಂದು ಬ್ಯಾರಿಯರ್ ಎಲ್ಲಿದೆ ಅಂತ ಕೇಳಿ. ಒಂಟಿ ಬ್ಯಾರಿಯರ್ ಇದ್ದರೆ ಬರೆದವರು ಅಂದಾಜಿನ ಮೇಲೆ ಹಾಕಿದ್ದಾರೆ ಅಂತಲೇ ಅರ್ಥ.

ಇಂಡೆಕ್ಸುಗಳ ಬಗ್ಗೆ ಒಂದು ಮಾತು. ಅವು 16 ಬಿಟ್, ರಿಂಗಿನ ಗಾತ್ರ 256 ಇದ್ದರೂ ಇಂಡೆಕ್ಸ್ 65,535ರ ತನಕ ಏರಿ ಸೊನ್ನೆಗೆ ಬರುತ್ತದೆ. ಕರೆ ಕೊಡಬೇಕೇ ಅಂತ ನಿರ್ಧರಿಸುವ ಒಂದು ಸೂತ್ರ ಇದೆ: ಹೊಸ ಇಂಡೆಕ್ಸಿನಿಂದ ಆಚೆಯವರು ಕೇಳಿದ ಗುರುತನ್ನೂ ಒಂದನ್ನೂ ಕಳೆದು, ಅದು ಹೊಸತು ಹಳೆಯದರ ವ್ಯತ್ಯಾಸಕ್ಕಿಂತ ಕಡಿಮೆಯೇ ಅಂತ ನೋಡುವುದು. ಎರಡೂ ಬದಿಯನ್ನು 16 ಬಿಟ್ಟಿಗೆ ಕಡ್ಡಾಯವಾಗಿ ಕಾಸ್ಟ್ ಮಾಡಿರುತ್ತಾರೆ, ಅಂದರೆ ಆ ಗಾತ್ರಕ್ಕೆ ಇಳಿಸಿರುತ್ತಾರೆ. ಹೊಸಬರು ಬಂದು "ಎಲ್ಲವೂ ಯು16 (16 ಬಿಟ್ಟಿನ, ಮೈನಸ್ ಇಲ್ಲದ ಸಂಖ್ಯೆ) ಇರುವಾಗ ಈ ಕಾಸ್ಟ್ ಯಾಕೆ, ಕೋಡ್ ಸ್ವಚ್ಛ ಮಾಡೋಣ" ಅಂತ ತೆಗೆಯುತ್ತಾರೆ. ಸಿ ಭಾಷೆಯಲ್ಲಿ ಎರಡು ಯು16ಗಳನ್ನು ಕಳೆದರೆ ಸಿಗುವುದು ಇಂಟ್, ಅದು ಮೈನಸ್ಸಿಗೂ ಹೋಗುತ್ತದೆ. ಬೇಕಾದ ಕರೆ ತಪ್ಪಿಹೋಗುವುದು ಇಂಡೆಕ್ಸ್ ಒಂದು ಸುತ್ತು ಬಂದಾಗ ಮಾತ್ರ. ಪಿಂಗ್ ಹೊಡೆದು ಹತ್ತು ಪ್ಯಾಕೆಟ್ ಬಂತು ಅಂತ ಸಹಿ ಹಾಕುವ ಟೆಸ್ಟಿಗೆ ಇದು ಈ ಜನ್ಮದಲ್ಲಿ ಸಿಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಇಬ್ಬರೂ ಸಜ್ಜನರು ಅಂತ ಇಟ್ಟುಕೊಂಡಿದ್ದೆವು. ಈಗ ಹಾಗಿಲ್ಲ. ಹಿಂದೆ ಹೋಸ್ಟಿನ (ಗೆಸ್ಟುಗಳನ್ನು ಓಡಿಸುವ ಮಶೀನಿನ) ಮೇಲೆ ಗೆಸ್ಟಿಗೆ ಪೂರ್ತಿ ನಂಬಿಕೆ ಇತ್ತು, ಏಕೆಂದರೆ ಹೋಸ್ಟ್ ಮನಸ್ಸು ಮಾಡಿದರೆ ಗೆಸ್ಟಿನ ಎಲ್ಲ ಮೆಮೊರಿಯನ್ನೂ ಓದಬಹುದಿತ್ತು. ಎಎಂಡಿಯ ಎಸ್‌ಇವಿ, ಇಂಟೆಲ್‌ನ ಟಿಡಿಎಕ್ಸ್ ಅನ್ನುವ ಮೆಮೊರಿ ರಕ್ಷಣೆಗಳು ಬಂದ ಮೇಲೆ ಗೆಸ್ಟಿನ ಮೆಮೊರಿ ಹೋಸ್ಟಿಗೂ ಗುಟ್ಟು. ಅಂದಮೇಲೆ ಡಿವೈಸ್ ಹೇಳುವ ಪ್ರತಿ ಸಂಖ್ಯೆಯನ್ನೂ ಅನುಮಾನದಿಂದ ನೋಡಬೇಕು. ಯೂಸ್ಡ್ ರಿಂಗಿನಲ್ಲಿ ಡಿವೈಸ್ "ಇಷ್ಟು ಬೈಟ್ ಬರೆದೆ" ಅಂತ ಒಂದು ಉದ್ದ ಹೇಳುತ್ತದೆ. ನಾವು ಕೊಟ್ಟ ಬಫರ್ 1,500 ಬೈಟಿನದು, ಅದು 60,000 ಅಂದರೆ? ಡ್ರೈವರ್ ನಂಬಿ ಎಸ್‌ಕೆಬಿಯ ಉದ್ದ ಹಾಗೇ ಇಟ್ಟರೆ, ಪಕ್ಕದ ಮೆಮೊರಿಯೂ ಪ್ಯಾಕೆಟ್ಟಿನ ಭಾಗವಾಗಿ ಮೇಲೆ ಹೋಗುತ್ತದೆ. ಡಿಸ್ಕ್ರಿಪ್ಟರ್ ನಂಬರು ಟೇಬಲ್ಲಿಗಿಂತ ದೊಡ್ಡದಾಗಿದ್ದರೆ? ಕಂಟ್ರೋಲ್ ಕ್ಯೂ ಇಲ್ಲ ಅನ್ನುತ್ತ ಹಲವು ಕ್ಯೂ ಇದೆ ಅಂದರೆ? ಕಂಟ್ರೋಲ್ ಕ್ಯೂವಿನಲ್ಲಿ ಕಳಿಸಿದ ಆದೇಶಕ್ಕೆ ಉತ್ತರವನ್ನೇ ಕೊಡದಿದ್ದರೆ? ನೆಟ್‌ವರ್ಕ್ ಸೆಟ್ಟಿಂಗುಗಳನ್ನು ಕಾಯುವ ಆರ್‌ಟಿಎನ್‌ಎಲ್ ಲಾಕ್ ಹಿಡಿದುಕೊಂಡು ಕಾಯುತ್ತಿದ್ದರೆ ಆ ಮಶೀನಿನಲ್ಲಿ ಐಪಿ ವಿಳಾಸ ಬದಲಿಸುವ ಕಮಾಂಡೂ ನಿಂತುಹೋಗುತ್ತದೆ.

ಎದುರು ದಿಕ್ಕಿನಲ್ಲಿ, ಅಂದರೆ ಹೋಸ್ಟ್ ಗೆಸ್ಟನ್ನು ನಂಬಿ ಕೆಟ್ಟದ್ದಕ್ಕೆ, 2019ರ ಒಂದು ಪ್ರಸಿದ್ಧ ಉದಾಹರಣೆ ಇದೆ: ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2019-14835, ವಿ-ಘೋಸ್ಟ್ ಅಂತ ಅಡ್ಡಹೆಸರು. ವಿಹೋಸ್ಟ್ ಅಂದರೆ ವರ್ಟ್‌ಐಓದ ಹೋಸ್ಟ್ ಬದಿಯನ್ನು ಕರ್ನಲಿನೊಳಗೇ ನಡೆಸುವ ಕೋಡ್. ಗೆಸ್ಟನ್ನು ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಓಡುತ್ತಿರುವಾಗಲೇ ಸಾಗಿಸುವಾಗ, ಯಾವ ಮೆಮೊರಿ ಬದಲಾಯಿತು ಅಂತ ಅದು ಒಂದು ಲಾಗ್ ಬರೆಯುತ್ತದೆ. ಬರೆಯಬಲ್ಲ ಡಿಸ್ಕ್ರಿಪ್ಟರಿಗೆ ಒಂದು ನಮೂದು. ಬಫರುಗಳ ಸಂಖ್ಯೆಗೆ ಮಿತಿ ಇತ್ತು, ಲಾಗಿನ ಸಂಖ್ಯೆಗೆ ಬೇರೆ ಮಿತಿ ಇರಲಿಲ್ಲ, ಎರಡೂ ಒಟ್ಟಿಗೇ ಏರುತ್ತವೆ ಅನ್ನುವ ನಂಬಿಕೆ. ಗೆಸ್ಟ್ ಉದ್ದ ಸೊನ್ನೆ ಅಂತ ಡಿಸ್ಕ್ರಿಪ್ಟರ್ ಕೊಟ್ಟರೆ ಬಫರುಗಳ ಲೆಕ್ಕ ಏರುವುದಿಲ್ಲ, ಲಾಗಿನ ಲೆಕ್ಕ ಏರುತ್ತದೆ. ಸೊನ್ನೆ ಉದ್ದದವನ್ನೇ ಸಾಲಾಗಿ ಕೊಟ್ಟು ಲಾಗಿನ ಅಂಚು ದಾಟಿ ಹೋಸ್ಟ್ ಕರ್ನಲಿನ ಮೆಮೊರಿಗೆ ಬರೆಯಬಹುದಿತ್ತು. ಒಂದು ವರ್ಚುವಲ್ ಮಶೀನು ಬಾಡಿಗೆಗೆ ಪಡೆದವನು ಇಡೀ ಹೋಸ್ಟಿಗೆ ಯಜಮಾನ ಆಗುವ ದಾರಿ. 2010ರ ಲಿನಕ್ಸ್ 2.6.34ರಿಂದ ಅಲ್ಲೇ ಇತ್ತು, ಒಂಬತ್ತು ವರ್ಷ ನೂರಾರು ಕಣ್ಣು ಅದನ್ನು ದಾಟಿ ಹೋದವು. ತಿದ್ದಿದ್ದು ಇಫ್‌ನೊಳಗೆ ಒಂದು ಶರತ್ತು ಸೇರಿಸಿ: ಲಾಗ್ ಇದ್ದರೆ ಸಾಲದು, ಬಫರ್ ತುಣುಕೂ ಸಿಕ್ಕಿರಬೇಕು.

ನಾನು ಇದನ್ನು ಹೊಸಬರಿಗೆ ಯಾವಾಗಲೂ ತೋರಿಸುವುದಕ್ಕೆ ಕಾರಣ ಇದೆ. ಪ್ರತಿ ಸಾಲೂ ತನ್ನಷ್ಟಕ್ಕೆ ಸರಿಯಾಗಿತ್ತು. ತಪ್ಪು ಇದ್ದದ್ದು ಎರಡು ಎಣಿಕೆಗಳು ಜೊತೆಗೆ ಸಾಗುತ್ತವೆ ಅನ್ನುವ, ಎಲ್ಲೂ ಬರೆಯದ ನಂಬಿಕೆಯಲ್ಲಿ. ಹಾಗಾಗಿ ಎರಡು ಲೆಕ್ಕಗಳನ್ನು ಕಂಡಾಗ, ಒಂದು ಏರಿ ಇನ್ನೊಂದು ಏರದ ದಾರಿ ಇದೆಯೇ ಅಂತ ಹುಡುಕಿ. ಉದ್ದ ಸೊನ್ನೆ ಆದರೆ ಏನು ಅಂತ ಪ್ರತಿ ಸಲ ಕೇಳಿ, ಕೇಳಿ ಬೇಸರ ಆಗುವಷ್ಟು. ಇದರ ಜೊತೆಗೇ ಇನ್ನೊಂದು: ಹಂಚಿಕೊಂಡ ಮೆಮೊರಿಯಿಂದ ಉದ್ದವನ್ನು ಒಮ್ಮೆ ಓದಿ ಪರೀಕ್ಷಿಸಿ, ಬಳಸುವಾಗ ಮತ್ತೆ ಅಲ್ಲಿಂದಲೇ ಓದಿದರೆ, ನಡುವೆ ಆಚೆಯವರು ಬದಲಿಸಬಹುದು. ಕಂಪೈಲರ್ ಕೂಡ ತಾನಾಗಿ ಎರಡು ಸಲ ಓದಿಸಬಹುದು. ರೀಡ್ ಒನ್ಸ್ ಹಾಕಿ ಒಂದೇ ಸಲ ಓದಿ, ಲೋಕಲ್ಲಿನಲ್ಲಿ ಇಟ್ಟು, ಅದನ್ನೇ ಪರೀಕ್ಷಿಸಿ ಅದನ್ನೇ ಬಳಸಬೇಕು.

ಪ್ಯಾಚಿನ ಗಾತ್ರದ ಬಗ್ಗೆ. 2009ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಹೈಪರ್-ವಿ ಡ್ರೈವರುಗಳನ್ನು, ಸುಮಾರು 20,000 ಸಾಲು, ಲಿನಕ್ಸಿಗೆ ಕೊಟ್ಟಾಗ ಅದು ದೊಡ್ಡ ಸುದ್ದಿಯಾಗಿತ್ತು. ಪುಣೆಯ ಅಜೂರ್ ಮಶೀನುಗಳ ನೆಟ್‌ವಿಎಸ್‌ಸಿ ಅದರಲ್ಲೇ ಇತ್ತು. ಆದರೆ ಅದು ನೇರವಾಗಿ ಒಳಗೆ ಹೋಗಲಿಲ್ಲ, ಸ್ಟೇಜಿಂಗ್ ಅನ್ನುವ ಹೊರಜಗಲಿಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕೂತಿತ್ತು. ಆ ಹೊತ್ತಿನಲ್ಲಿ ಅದನ್ನು ನೂರಾರು ಚಿಕ್ಕ ಚಿಕ್ಕ ಪ್ಯಾಚುಗಳಲ್ಲಿ ಸರಿಮಾಡಿದರು. 2011ರ ಲಿನಕ್ಸ್ 3.0ರಲ್ಲಿ ಅತಿ ಹೆಚ್ಚು ಪ್ಯಾಚು ಹಾಕಿದ ವ್ಯಕ್ತಿ ಇದೇ ಕೋಡನ್ನು ಸ್ವಚ್ಛ ಮಾಡುತ್ತಿದ್ದ ಮೈಕ್ರೋಸಾಫ್ಟ್ ಎಂಜಿನಿಯರ್. ಜನ ಆಗ ಇದನ್ನು ಕೇಳಿ ನಕ್ಕರು. ನನಗೆ ನಗು ಬರುವುದಿಲ್ಲ. ಒಂದೊಂದೇ ವಿಷಯ ಹೇಳುವ ಪ್ಯಾಚುಗಳಿದ್ದರೆ ಓದುವವನು ಯೋಚಿಸಬಲ್ಲ. 3,000 ಸಾಲಿನ ಒಂದೇ ಪ್ಯಾಚಿಗೆ ಸಿಗುವ ರಿವ್ಯೂ ಯಾವುದು ಅಂತ ನಿಮಗೂ ಗೊತ್ತು: "ಚೆನ್ನಾಗಿದೆ, ಒಂದು ಕಡೆ ಸ್ಪೇಸ್ ಹೆಚ್ಚಾಗಿದೆ." ಕರ್ನಲಿನ ನೆಟ್‌ವರ್ಕ್ ವಿಭಾಗದವರು ಒಂದು ಸರಣಿಯಲ್ಲಿ 15ಕ್ಕಿಂತ ಹೆಚ್ಚು ಪ್ಯಾಚು ಬೇಡ ಅನ್ನುತ್ತಾರೆ. ಕಂಪನಿಯೊಳಗಿನ ಕೋಡಿಗೂ ಇದು ಒಳ್ಳೆಯ ಅಳತೆ. ಸ್ಪೇಸು, ಟ್ಯಾಬು ನೋಡಲು ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಇದೆ. ಎಂಡಿಯನ್ (ಬೈಟುಗಳ ಕ್ರಮದ) ತಪ್ಪು ಹಿಡಿಯಲು ಸ್ಪಾರ್ಸ್ ಇದೆ. ಮನುಷ್ಯನ ಕಣ್ಣನ್ನು ಅದಕ್ಕೆ ಖರ್ಚು ಮಾಡಬೇಡಿ.

ಕಾಮೆಂಟ್ ಬರೆಯುವ ರೀತಿ ಬಗ್ಗೆ ಹೆಚ್ಚು ಹೇಳುವುದಿಲ್ಲ. "ಇದು ತಪ್ಪು" ಅಂತ ಬರೆಯುವ ಬದಲು ಘಟನೆಗಳ ಕ್ರಮ ಬರೆಯಿರಿ: ಸಿಪಿಯು ಸೊನ್ನೆಯಲ್ಲಿ ಇದು ನಡೆಯಿತು, ಅಷ್ಟರಲ್ಲಿ ಸಿಪಿಯು ಒಂದರಲ್ಲಿ ಇದು, ಈಗ ಬಫರ್ ಯಾರದು? ಎರಡು ಕಾಲಂ ಹಾಕಿ ಬರೆದರೆ ಜಗಳ ಅಲ್ಲಿಗೇ ಮುಗಿಯುತ್ತದೆ. ಒಮ್ಮೊಮ್ಮೆ ಬರೆಯುತ್ತ ಹೋದಂತೆ ಕೋಡ್ ಸರಿಯೇ ಇದೆ ಅಂತ ನಮಗೇ ಹೊಳೆಯುತ್ತದೆ, ಆಗ ಕಾಮೆಂಟನ್ನು ಅಳಿಸಿ ಸುಮ್ಮನಾಗಬಹುದು.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಬೆಳಗಾವಿ ಕಡೆಯವರೊಬ್ಬರು ಕೇಳಿದರು: "ಮೇಡಂ, ಈ ಕೆಲಸಾ ಎಲ್ಲಾ ಈಗ ಎಐ ಮಾಡತೈತಲ್ರಿ. ನಾವ್ಯಾಕ ಕಣ್ಣ ಹಾಳ ಮಾಡ್ಕೋಬೇಕ್ರಿ?"

ಮಾಡಿಸಿರಿ, ನಾನೂ ಮಾಡಿಸುತ್ತೇನೆ. ಮರೆತ ಎರರ್ ಲೇಬಲ್, ಎಸ್‌ಕೆಬಿಯ ಉದ್ದ ಕೊನೆಗೆ ಓದಿದ್ದು, ಇಂಥವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಕಷ್ಟ ಏನೆಂದರೆ ಇಲ್ಲದ ರೇಸನ್ನೂ (ಎರಡು ಸಿಪಿಯುಗಳ ಪೈಪೋಟಿಯಿಂದ ಆಗುವ ಬಗ್) ಅಷ್ಟೇ ಧೈರ್ಯದಿಂದ ತೋರಿಸುತ್ತದೆ. ನಾನು ಆಗಲೇ ಹೇಳಿದ ಎರಡು ಕಾಲಂ ಅದರ ಕೈಲೂ ಬರೆಸಿ, ನೀವು ಕೂತು ಪರೀಕ್ಷಿಸಿ. ಆ ಪರೀಕ್ಷೆ ಮಾಡಲು ಬರದವರು ಅದರ ರಿವ್ಯೂವನ್ನು ರಿವ್ಯೂ ಮಾಡುವುದು ಹೇಗೆ? ಸಹಿ ನಿಮ್ಮದಲ್ಲವೇನ್ರಿ.

ಮುಂದೆ ಕೂತಿದ್ದ ಹುಡುಗಿ ರಸ್ಟ್ ಭಾಷೆಯ ವಿಷಯ ಎತ್ತಿದಳು: ಒಡೆತನವನ್ನೇ ಕಂಪೈಲರ್ ನೋಡಿಕೊಳ್ಳುವಾಗ ಈ ಪ್ರಶ್ನೆಯೇ ಹೋಗುತ್ತದಲ್ಲ, ಮೇಡಂ?

ಅರ್ಧ ಹೋಗುತ್ತದಮ್ಮ. 2022ರ ಕೊನೆಗೆ ಬಂದ ಲಿನಕ್ಸ್ 6.1ರಿಂದ ಕರ್ನಲಿನಲ್ಲಿ ರಸ್ಟ್ ಇದೆ. ಡ್ರೈವರ್ ಮತ್ತು ಸ್ಟ್ಯಾಕಿನ ನಡುವಿನ ಎಸ್‌ಕೆಬಿ ಲೆಕ್ಕ, ಎರರ್ ದಾರಿಯಲ್ಲಿ ಬಿಚ್ಚಿಕೊಳ್ಳುವುದು, ಇವು ಹೆಚ್ಚುಕಡಿಮೆ ಕಂಪೈಲರಿನ ಪಾಲಿಗೆ ಹೋಗುತ್ತವೆ. ಆದರೆ ರಿಂಗಿಗೆ ಹಾಕಿದ ಬಫರ್ ಆಚೆಯ ಡಿವೈಸಿನ ಕೈಗೆ ಹೋದದ್ದು ಯಾವ ಕಂಪೈಲರಿಗೂ ಕಾಣದು. ಡಿವೈಸ್ ರಸ್ಟ್ ಓದಿಕೊಂಡು ಬಂದಿಲ್ಲ. ಆ ಗಡಿಯಲ್ಲಿ ಅನ್‌ಸೇಫ್ ಅಂತ ಒಂದು ಬ್ಲಾಕ್ ಇರುತ್ತದೆ, ಅದರ ಮೇಲೆ ಯಾಕೆ ಇದು ಸರಿ ಅಂತ ವಿವರಿಸುವ ಒಂದು ಕಾಮೆಂಟ್ ಇರುತ್ತದೆ. ರಿವ್ಯೂ ಮಾಡುವವರ ಕೆಲಸ ಆ ಕಾಮೆಂಟಿಗೆ ಬಂದು ನಿಲ್ಲುತ್ತದೆ. ಎಲ್ಲಿ ನೋಡಬೇಕು ಅಂತ ಗೊತ್ತಾಗುವುದೇ ದೊಡ್ಡ ಲಾಭ, ಅದನ್ನು ಒಪ್ಪುತ್ತೇನೆ.

ಕೊನೆಯದಾಗಿ ಇಂಜಿನಿಯರಿಂಗ್ ಮೂರನೇ ವರ್ಷದ ಇಬ್ಬರು, ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರು. ವರ್ಟ್‌ಐಓ ನೆಟ್ಟಿನಿಂದ ಬೇಡ. ಆ ಫೈಲ್ ಈಗ 6,000 ಸಾಲು ದಾಟಿದೆ, ಹೆದರಿ ಓಡಿಹೋಗುತ್ತೀರಿ. ಕರ್ನಲಿನ ಡ್ರೈವರ್ಸ್, ಅದರೊಳಗೆ ನೆಟ್ ಫೋಲ್ಡರಿನಲ್ಲಿ ಡಮ್ಮಿ ಅಂತ ಒಂದು ಡ್ರೈವರ್ ಇದೆ, ಬಂದ ಪ್ಯಾಕೆಟ್ಟನ್ನೆಲ್ಲ ಎಣಿಸಿ ಬಿಸಾಡುತ್ತದೆ, ಅಷ್ಟೇ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆಮೇಲೆ ವೀಥ್, ಎರಡು ತುದಿಯ ಕೊಳವೆ. ಅಲ್ಲಿ ಒಂದು ತುದಿ ಅಳಿಸಿಹೋಗುವಾಗ ಇನ್ನೊಂದು ತುದಿಯಿಂದ ಪ್ಯಾಕೆಟ್ ಬರುತ್ತಿದ್ದರೆ ಏನಾಗುತ್ತದೆ ಅಂತ ಹುಡುಕಿ, ಓದುವವರು ಮುಗಿಸುವ ತನಕ ಮೆಮೊರಿ ಫ್ರೀ ಆಗದಂತೆ ಕಾಯುವ ಆರ್‌ಸಿಯು ಯಾಕೆ ಬೇಕು ಅಂತ ಆಗ ತಿಳಿಯುತ್ತದೆ. ಅದಾದ ಮೇಲೆ ಟನ್, ಅಲ್ಲಿ ಯೂಸರ್‌ಸ್ಪೇಸ್ ಏನು ಬೇಕಾದರೂ ಬರೆದು ಕಳಿಸಬಹುದು, ಉದ್ದಗಳನ್ನು ಎಲ್ಲೆಲ್ಲಿ ಪರೀಕ್ಷಿಸಿದ್ದಾರೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಇಷ್ಟು ಆದ ಮೇಲೆ ಕ್ಯೂಎಮುವಿನಲ್ಲಿ ಒಂದು ಗೆಸ್ಟ್ ಎಬ್ಬಿಸಿ, ಟ್ರಾಫಿಕ್ ಹುಟ್ಟಿಸುವ ಐಪರ್ಫ್ ಓಡುತ್ತಿರುವಾಗಲೇ ವರ್ಟ್‌ಐಓ ನೆಟ್ ಮಾಡ್ಯೂಲನ್ನು ತೆಗೆದು ಹಾಕಿ ಮಾಡುವ ಒಂದು ಲೂಪ್ ಬರೆಯಿರಿ. ಐಪರ್ಫ್ ಪ್ರತಿ ಸಲ ಕಡಿದು ಹೋಗುತ್ತದೆ, ಅದನ್ನೂ ಲೂಪಿನೊಳಗೇ ಮತ್ತೆ ಶುರು ಮಾಡಿಸಿ. ಕಾಸನ್, ಲಾಕುಗಳ ತಪ್ಪು ಹಿಡಿಯುವ ಲಾಕ್‌ಡೆಪ್ ಎರಡೂ ಆನ್ ಇರಲಿ. ರಾತ್ರಿಯಿಡೀ ಓಡಲಿ. ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಹಾಸಿಗೆಯ ಮೇಲೆ ಇಡಬೇಡಿ.